ಟಿಬಿ ಗುಳಿಗಿ ನುಂಗಿದ್ರೂ ಕೆಮ್ಮು ಹೋಗ್ವಲ್ದಾ? ಸಾರ್ಕಾಯ್ಡೋಸಿಸ್ ಅಂದ್ರ ಏನು, ಏನ್ ಮಾಡ್ಬೇಕು

ನಮ್ಮಕ್ಕಗ ಕೆಮ್ಮು ಶುರು ಆಗಿದ್ದು ಕೊಪ್ಪಳದ ಗವಿಮಠದ ಜಾತ್ರಿ ಮುಗಿದ ವಾರ. ಜಾತ್ರ್ಯಾಗ ಧೂಳು ಕುಡದಿರ್ತಾಳ ಬಿಡು ಅಂತ ಎಲ್ಲಾರೂ ಅಂದ್ರು, ಶುಂಠಿ ಮೆಣಸಿನ ಕಷಾಯ ಆತು, ಸಿರಪ್ ಎರಡು ಬಾಟ್ಲಿ ಖಾಲಿ ಆದ್ವು, ಯುಗಾದಿ ಬಂದ್ರೂ ಕೆಮ್ಮು ಹೋಗ್ಲಿಲ್ಲ, ಮ್ಯಾಲ ಸಂಜಿಗೆ ಸಣ್ಣಗ ಜ್ವರ, ತೂಕ ಇಳಿಯಾಕ ಹತ್ತಿತು. ಎಕ್ಸ್‌ರೇ ತೆಗೆಸಿದ್ರ ಎದಿ ನಡುವ ಎರಡೂ ಕಡಿ ಗಂಟು ಕಂಡ್ವು. ಕಫ ಎರಡು ಸಲ ಟೆಸ್ಟ್ ಮಾಡಿದ್ರು, ಎರಡೂ ಸಲ ನೆಗೆಟಿವ್. ಆದ್ರೂ ಟಿಬಿನೇ ಇರ್ಬೇಕು ಅಂತ ಗುಳಿಗಿ ಶುರು ಮಾಡಿದ್ರು. ನಾಕು ತಿಂಗಳು ಒಂದು ದಿನ ತಪ್ಪಿಸದಂಗ ನುಂಗಿದಳು. ಕೆಮ್ಮು ಅಷ್ಟೇ ಐತಿ, ಸುಸ್ತು ಜಾಸ್ತಿ, ಮ್ಯಾಲ ಎಡಗಣ್ಣು ಕೆಂಪಾಗಿ ಬೆಳಕು ನೋಡಾಕ ಆಗವಲ್ದು.

ಕಣ್ಣಿಂದು ಎಲ್ಲಾರೂ ಎಥಾಂಬ್ಯುಟಾಲ್ ಅನ್ನೋ ಟಿಬಿ ಗುಳಿಗಿ ಮ್ಯಾಲ ಹಾಕಿದ್ರು. ಆ ಗುಳಿಗಿ ಕಣ್ಣಿಗೆ ತೊಂದ್ರಿ ಕೊಡೋದು ಖರೇನ, ಆದ್ರ ಅದ್ರಿಂದ ಆದ್ರ ದೃಷ್ಟಿ ಮಂಜಾಗ್ತೈತಿ, ಕೆಂಪು ಹಸಿರು ಬಣ್ಣ ಗುರ್ತು ಸಿಗಂಗಿಲ್ಲ, ಕಣ್ಣು ಕೆಂಪಾಗಿ ಬ್ಯಾನಿ ಆಗಂಗಿಲ್ಲ. ಇದನ್ನ ನಮಗ ಹೇಳಿದ್ದು ಒಬ್ಬ ಕಣ್ಣಿನ ಡಾಕ್ಟ್ರು. ಮಷೀನ್ಯಾಗ ಗದ್ದ ಇಡ್ಸಿ ಬಾಳೊತ್ತು ನೋಡಿ, ಇದು ಕಣ್ಣಿನ ಒಳಗಿನ ಉರಿಯೂತ, ಯುವೈಟಿಸ್ ಅಂತೀವಿ, ಅಮ್ಮ ನಿನಗ ಕೆಮ್ಮು ಏನಾರ ಐತೇನು ಅಂತ ಕೇಳಿದ್ರು. ಆ ಒಂದು ಪ್ರಶ್ನಿಯಿಂದ ಎಲ್ಲಾ ತಿರುಗಿತು. ಮುಂದ ಗಂಟಿನ ತುಣುಕು ತೆಗದು ನೋಡಿದ ಮ್ಯಾಲ (ಇದಕ್ಕ ಬಯಾಪ್ಸಿ ಅಂತಾರ) ಗೊತ್ತಾತು ಇದು ಟಿಬಿ ಅಲ್ಲ, ಸಾರ್ಕಾಯ್ಡೋಸಿಸ್ ಅಂತ.

ನಾನು ಡಾಕ್ಟರ್ ಅಲ್ಲ. ಅಕ್ಕನ ಫೈಲು ಹಿಡ್ಕೊಂಡು ಎರಡು ವರ್ಷ ತಿರುಗಿ, ಸಿಕ್ಕ ಡಾಕ್ಟ್ರನ್ನೆಲ್ಲ ಕೇಳಿ ತಿಳ್ಕೊಂಡಿದ್ದನ್ನ ಬರೀತಿದೀನಿ. ಬಳ್ಳಾರಿ, ರಾಯಚೂರು, ಕೊಪ್ಪಳ ಕಡಿ ಮಂದಿಗೆ ಈ ರೋಗದ ಹೆಸರು ಕೇಳಿ ಗೊತ್ತಿರಂಗಿಲ್ಲ, ನಮಗೂ ಗೊತ್ತಿರಲಿಲ್ಲ.

ಮೊದಲ ಒಂದು ಮಾತು, ಇದನ್ನ ಓದಿ ಯಾರೂ ಟಿಬಿ ಗುಳಿಗಿ ಬಿಡಬ್ಯಾಡ್ರಿ. ಕಫದಾಗ ಟಿಬಿ ಹುಳ ಸಿಕ್ಕೈತಿ, ಇಲ್ಲಾ ಟಿಬಿ ಹುಳದ ಜೀನ್ ಹುಡುಕೋ ಸಿಬಿನ್ಯಾಟ್ ಟೆಸ್ಟ್ ಪಾಸಿಟಿವ್ ಬಂದೈತಿ ಅಂದ್ರ ಅದು ಟಿಬಿನೇ, 6 ತಿಂಗಳ ಕೋರ್ಸ್ ಪೂರ್ತಿ ಮುಗಿಸ್ಬೇಕು, ನಡುವ ಬಿಟ್ರ ಔಷಧಕ್ಕ ಬಗ್ಗದಂಥಾ ಟಿಬಿ ಆಗ್ತೈತಿ. ನಾನು ಹೇಳಾಕ ಹತ್ತಿದ್ದು ಟಿಬಿ ಅಂತ ಯಾವ ಟೆಸ್ಟ್ನಾಗೂ ಸಿಗದೇ, ಬರೇ ಎಕ್ಸ್‌ರೇ ನೋಡಿ ಗುಳಿಗಿ ಕೊಟ್ಟು, ಎರಡು ಮೂರು ತಿಂಗಳಾದ್ರೂ ಗುಣ ಕಾಣದವ್ರಿಗೆ.

ಈಗ ರೋಗ ಏನಂತ ನೋಡೋಣ. ನಮ್ಮ ಮೈಯಾಗ ಸೋಂಕಿನ ಜೋಡಿ ಹೊಡೆದಾಡೋ ಬಿಳಿ ರಕ್ತಕಣ ಅದಾವಲ್ಲ, ಅವು ಏನೋ ಹೊರಗಿಂದು ಒಳಗ ಹೊಕ್ಕೈತಿ ಅಂತ ಒಂದ ಕಡಿ ಗುಂಪು ಕಟ್ಟಿ ಕುಂದರ್ತಾವ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗಂಟು, ಇದಕ್ಕ ಗ್ರಾನುಲೋಮಾ ಅಂತಾರ. ಇಂಥಾವು ಸಾವಿರಗಟ್ಲೆ ಆದಾಗ ಆ ಅಂಗದ ಕೆಲಸ ಕೆಡ್ತೈತಿ. ಹತ್ತರಾಗ ಒಂಬತ್ತು ಮಂದಿಗೆ ಇದು ಶ್ವಾಸಕೋಶ ಇಲ್ಲಾ ಎದಿ ಒಳಗಿನ ಲಿಂಫ್ ಗಂಟುಗಳಾಗ (ಎಕ್ಸ್‌ರೇದಾಗ ಕಾಣೋ ದೊಡ್ಡ ಗಂಟು ಇವೇ) ಇರ್ತೈತಿ, ಅದ್ರ ಜೊತಿಗೆ ಕಣ್ಣು, ಚರ್ಮ, ಲಿವರ್, ನರ, ಹಾರ್ಟ್ ಎಲ್ಲಿ ಬೇಕಾದ್ರೂ ಬರಬಹುದು. ಯಾಕ ಬರ್ತೈತಿ ಅಂತ ಇವತ್ತಿಗೂ ಯಾರೂ ಖಾತ್ರಿ ಕಂಡುಹಿಡಿದಿಲ್ಲ. ಅಂಟುರೋಗ ಅಲ್ಲ, ತಟ್ಟೆ ಲೋಟ ಬ್ಯಾರೆ ಇಡೋದು ಬ್ಯಾಡ, ಮಕ್ಕಳನ್ನ ದೂರ ಇಡೋದು ಬ್ಯಾಡ. ನಮ್ಮನ್ಯಾಗ ನಾಕು ತಿಂಗಳು ಅಕ್ಕ ಒಬ್ಬಾಕೀನ ಪಡಸಾಲ್ಯಾಗ ಮಲಗಿದ್ದು ನೆನಸ್ಕೊಂಡ್ರ ಈಗ್ಲೂ ಹೊಟ್ಟಿ ಸಂಕಟ ಆಗ್ತೈತಿ.

ಕ್ಯಾನ್ಸರೂ ಅಲ್ಲ. ಹೆಸರು ಸಾರ್ಕೋಮಾ ಅನ್ನೋ ಕ್ಯಾನ್ಸರ್ ಹೆಸರಿನಂಗ ಕೇಳ್ಸೋದ್ರಿಂದ ಮೊಬೈಲ್ನಾಗ ಹುಡುಕಿದವ್ರು ಹೆದರ್ತಾರ. ಲಂಡನ್ನಿನ ಜೋನಾಥನ್ ಹಚಿನ್ಸನ್ ಅನ್ನೋ ಡಾಕ್ಟ್ರು 1877ರಾಗ ಇದನ್ನ ಚರ್ಮದ ರೋಗ ಅಂತ ಮೊದಲು ವರ್ಣನೆ ಮಾಡಿದ್ರು, 1899ರಾಗ ನಾರ್ವೆಯ ಸೀಸರ್ ಬೋಕ್ ಅವ್ರು ಚರ್ಮದ ಗಂಟು ನೋಡಾಕ ಸಾರ್ಕೋಮಾದಂಗ ಐತಿ ಆದ್ರ ಅಪಾಯದ್ದಲ್ಲ ಅಂತ ಸಾರ್ಕಾಯ್ಡ್ ಅಂತ ಕರದ್ರು, ಹೆಸರು ಹಂಗ ಉಳೀತು.

ಲಕ್ಷಣ ಒಬ್ಬೊಬ್ಬರಿಗೆ ಒಂದೊಂದು ಥರ. ಕೆಲವ್ರಿಗೆ ಏನೂ ಇರಂಗಿಲ್ಲ, ಬ್ಯಾರೆ ಯಾವುದಕ್ಕೋ ಎಕ್ಸ್‌ರೇ ತೆಗೆಸಿದಾಗ ಗಂಟು ಕಾಣ್ತಾವ. ಉಳಿದವ್ರಿಗೆ ಒಣಕೆಮ್ಮು, ಮೆಟ್ಲ ಹತ್ತಿದ್ರ ದಮ್ಮು, ಎದಿ ಬಿಗಿತ, ಸಣ್ಣ ಜ್ವರ, ತೂಕ ಇಳಿಯೋದು. ಎಲ್ಲಕ್ಕಿಂತ ಜಾಸ್ತಿ ಕಾಡೋದು ಸುಸ್ತು, ಇದು ಮಲಗಿದ್ರ ಹೋಗೋ ಸುಸ್ತಲ್ಲ. ಅಕ್ಕ ಎರಡು ರೊಟ್ಟಿ ಬಡದು ಮೂರನೇದಕ್ಕ ಹಿಟ್ಟು ಹಂಗ ಬಿಟ್ಟು ಗ್ವಾಡಿಗೆ ಆತ್ಕೊಂಡು ಕುಂದರ್ತಿದ್ದಳು, ನಾವು ಆಲಸಿ ಅಂತ ಅಂದ್ಕೊಂಡ್ವಿ, ತಪ್ಪಾತು. ಕೆಲವ್ರಿಗೆ ಮೊಣಕಾಲ ಕೆಳಗ, ಮುಂಗಾಲಿನ ಮ್ಯಾಲ ಮುಟ್ಟಿದ್ರ ನೋಯೋ ಕೆಂಪು ಗಡ್ಡಿ ಏಳ್ತಾವ, ಜೊತಿಗೆ ಕಾಲಿನ ಹರಡಿನ ಕೀಲು ಬಾಯ್ತಾವ, ಜ್ವರ ಬರ್ತೈತಿ, ಇದಕ್ಕ ಲೋಫ್‌ಗ್ರೆನ್ ಸಿಂಡ್ರೋಮ್ ಅಂತಾರ. ನೋಡಾಕ ಭಾಳ ಜೋರು ಕಂಡ್ರೂ ಇಂಥಾವ್ರಿಗೆ ರೋಗ ತಾನೇ ತಣ್ಣಗಾಗೋ ಸಾಧ್ಯತೆ ಜಾಸ್ತಿ. ಮೂಗಿನ ಮ್ಯಾಲ ಗಲ್ಲದ ಮ್ಯಾಲ ನೇರಳೆ ಬಣ್ಣದ ದಪ್ಪ ಕಲೆ ಆದ್ರ ಅದು ಬ್ಯಾರೆ, ಅದು ದೀರ್ಘ ಕಾಲ ಉಳಿಯೋ ಥರದ್ದು, ಚರ್ಮದ ಡಾಕ್ಟ್ರಿಗೆ ತೋರಿಸ್ಲೇಬೇಕು.

ಟಿಬಿಗೂ ಇದಕ್ಕೂ ಯಾಕ ಗೊಂದಲ ಅಂದ್ರ ಎರಡರಾಗೂ ಗ್ರಾನುಲೋಮಾನೇ ಇರೋದು, ಕೆಮ್ಮು ಜ್ವರ ತೂಕ ಎಲ್ಲಾ ಒಂದ ಥರ. ನಮ್ಮ ಭಾಗದಾಗ ಟಿಬಿ ಜಾಸ್ತಿ, ಹಂಗಾಗಿ ಡಾಕ್ಟ್ರು ಮೊದಲು ಟಿಬಿ ಅಂತ ಯೋಚ್ನೆ ಮಾಡೋದು ತಪ್ಪೇನಲ್ಲ, ಟೆಸ್ಟ್ ಮಾಡದೇ ಅಲ್ಲೇ ನಿಂತ್ಕೊಳ್ಳೋದು ತಪ್ಪು. ನಮಗ ಒಬ್ಬ ಪೆಥಾಲಜಿ ಡಾಕ್ಟ್ರು ಹೇಳಿದ್ದು ಹಿಂಗ: ಟಿಬಿ ಗಂಟಿನ ನಡುಭಾಗ ಸತ್ತು ಗಿಣ್ಣದಂಗ ಪುಡಿಪುಡಿ ಆಗಿರ್ತೈತಿ, ಸಾರ್ಕಾಯ್ಡ್ ಗಂಟು ನಡುವ ಸತ್ತಿರಂಗಿಲ್ಲ, ಒಳಗೆಲ್ಲ ಗಟ್ಟಿ ಇರ್ತೈತಿ. ಆಮ್ಯಾಲ ಸಾರ್ಕಾಯ್ಡ್‌ನಾಗ ಎದಿ ಗಂಟು ಸಾಮಾನ್ಯವಾಗಿ ಎಡಕ್ಕೂ ಬಲಕ್ಕೂ ಜೋಡಿ ಇಟ್ಟಂಗ ಇರ್ತಾವ, ಟಿಬಿಯಾಗ ಹೆಚ್ಚಾಗಿ ಒಂದ ಕಡಿ. ಕೈಗೆ ಸೂಜಿ ಚುಚ್ಚಿ 48 ರಿಂದ 72 ತಾಸು ಬಿಟ್ಟು ನೋಡೋ ಮಾಂಟೂ ಟೆಸ್ಟ್ ಐತಲ್ಲ, ನಮ್ಮ ದೇಶದಾಗ ಸಣ್ಣಂದ್ರಾಗೇ ಟಿಬಿ ಹುಳದ ಸಂಪರ್ಕ ಆಗಿರೋದ್ರಿಂದ ಭಾಳ ಮಂದಿಗೆ ಅಲ್ಲಿ ಬಾವು ಬರ್ತೈತಿ, ಸಾರ್ಕಾಯ್ಡ್ ಇದ್ದವ್ರಿಗೆ ಎಷ್ಟೋ ಸಲ ಏನೂ ಏಳಂಗಿಲ್ಲ. ಅಕ್ಕನ ಕೈಮ್ಯಾಲ ಪೆನ್ನಿನಿಂದ ಗುಂಡಗ ಗೆರಿ ಹಾಕಿ ಕಳಿಸಿದ್ರು, ಮೂರನೇ ದಿನಕ್ಕ ಗೆರಿ ಅಷ್ಟೇ ಉಳದಿತ್ತು, ಒಳಗ ಚರ್ಮ ಸಪಾಟು. ಇವೆಲ್ಲಾ ಬರೇ ಸುಳಿವು ನೋಡ್ರಿ, ತೀರ್ಪು ಕೊಡೋದು ತುಣುಕು.

ಇನ್ನೊಂದು ಮಾತು ನಮ್ಮ ಕಡಿಯವ್ರಿಗೇ ಅಂತ. ಸಂಡೂರು ಗಣಿ, ಹಟ್ಟಿ ಚಿನ್ನದ ಗಣಿ, ಕುಷ್ಟಗಿ ಕಡಿ ಗ್ರಾನೈಟ್ ಕ್ವಾರಿ, ಕಲ್ಲು ಕ್ರಷರ್, ಎಲ್ಲಿ ಕೆಲಸ ಮಾಡಿದ್ರೂ ಡಾಕ್ಟ್ರ ಮುಂದ ಅದನ್ನ ಮೊದಲು ಹೇಳ್ರಿ, ಎಷ್ಟು ವರ್ಷ ಮಾಡೀರಿ ಅದೂ ಹೇಳ್ರಿ. ಕಲ್ಲಿನ ಸಿಲಿಕಾ ಧೂಳಿನಿಂದ ಸಿಲಿಕೋಸಿಸ್ ಬರ್ತೈತಿ, ಅದ್ರಾಗೂ ಎದಿಯಾಗ ಗಂಟು ಕಾಣ್ತಾವ, ದಮ್ಮು ಇರ್ತೈತಿ, ಅಂಥಾವ್ರಿಗೆ ಟಿಬಿ ಹತ್ತೋದೂ ಜಾಸ್ತಿ. ಸಿಲಿಕೋಸಿಸ್ ಕಾನೂನಿನ ಪ್ರಕಾರ ವರದಿ ಮಾಡ್ಲೇಬೇಕಾದ ರೋಗ, ಹಂಗಾಗಿ ರೋಗದ ಹೆಸರು ತಪ್ಪಾದ್ರ ಕೂಲಿ ಮಾಡೋ ಮನಿಗೆ ಎರಡು ಕಡಿ ನಷ್ಟ, ಔಷಧಾನೂ ತಪ್ಪು, ವರದಿನೂ ತಪ್ಪು.

ಹಂಗಾದ್ರ ಏನ್ ಮಾಡ್ಬೇಕು ಅಂದ್ರ, ಮೊದಲು ಛಾತಿ ಡಾಕ್ಟ್ರು, ಅಂದ್ರ ಪಲ್ಮೊನಾಲಜಿಸ್ಟ್, ಅವ್ರಿಗೇ ತೋರ್ಸ್ರಿ. ಸರಕಾರಿ ಮೆಡಿಕಲ್ ಕಾಲೇಜು ಮೂರೂ ಜಿಲ್ಲಾದಾಗ ಅದಾವ, ರಾಯಚೂರಿಗೆ ರಿಮ್ಸ್, ಕೊಪ್ಪಳಕ್ಕ ಕಿಮ್ಸ್, ಬಳ್ಳಾರಿಗೆ ಜನ ಇನ್ನೂ ವಿಮ್ಸ್ ಅಂತ ಕರಿಯೋ ಈಗಿನ ಬಿಎಂಸಿಆರ್‌ಸಿ. ಮುಂದಕ್ಕ ಹೋಗೋ ಪ್ರಸಂಗ ಬಂದ್ರ ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗ ಸಂಸ್ಥೆ ಐತಿ, ನಿಮ್ಹಾನ್ಸ್ ಹತ್ರ, ಹಂಪಿ ಎಕ್ಸ್‌ಪ್ರೆಸ್ ಹತ್ತಿದ್ರ ಬೆಳಿಗ್ಗೆ ಬೆಂಗಳೂರು. ರಾಯಚೂರಿನವ್ರಿಗೆ ಹೈದರಾಬಾದೇ ಸಮೀಪ. ಆಯುಷ್ಮಾನ್ ಕಾರ್ಡ್ನಾಗ ಮಾಡಿಸ್ಬೇಕಂದ್ರ ಇಲ್ಲಿಂದ ರೆಫರಲ್ ಚೀಟಿ ತಗೊಂಡ ಹೋಗ್ರಿ, ಅಲ್ಲಿ ಹೋದ ಮ್ಯಾಲ ಚೀಟಿ ಸಲುವಾಗಿ ವಾಪಸ್ ಬರೋದು ಬ್ಯಾಡ.

ಹೋಗೋವಾಗ ಹಳೇ ಎಕ್ಸ್‌ರೇ ಫಿಲ್ಮ್ ಎಲ್ಲಾ ಒಯ್ರಿ, ಬರೇ ರಿಪೋರ್ಟ್ ಅಲ್ಲ, ಫಿಲ್ಮ್. ಅಕ್ಕಂದು ಯುಗಾದಿ ಹೊತ್ತಿನ ಫಿಲ್ಮು, ನಾಕು ತಿಂಗಳ ಆದಮ್ಯಾಲಿನ ಫಿಲ್ಮು ಎರಡೂ ಬಾಜೂಕ ಹಿಡದು ಬೆಳಕಿನ ಡಬ್ಬಿ ಮ್ಯಾಲ ಇಟ್ಟಾಗ ನನಗೂ ಕಂಡಿತು, ಎದಿ ನಡುವ ಎರಡು ಆಲೂಗಡ್ಡಿ ಇಟ್ಟಂಗ ಇದ್ದದ್ದು ಒಂಚೂರೂ ಕರಗಿರಲಿಲ್ಲ. ಯಾವ ಗುಳಿಗಿ ಯಾವ ತಾರೀಕಿನಿಂದ ಯಾವ ತಾರೀಕಿನ ತನಕ ಅಂತ ಒಂದು ಹಾಳಿ ಮ್ಯಾಲ ಬರ್ಕೊಂಡು ಹೋಗ್ರಿ. ನೆಟ್ಟಗ ಹಿಂಗ ಕೇಳ್ರಿ: ಸರ್, ಕಫದಾಗ ಟಿಬಿ ಸಿಕ್ಕಿಲ್ಲ, ಗುಳಿಗಿಗೆ ಗುಣ ಇಲ್ಲ, ಗಂಟಿನ ಬಯಾಪ್ಸಿ ಮಾಡಬಹುದಾ? ಈ ಮಾತಿಗೆ ಯಾವ ಒಳ್ಳೆ ಡಾಕ್ಟ್ರೂ ಬ್ಯಾಸರ ಮಾಡ್ಕೊಳಂಗಿಲ್ಲ.

ಬಯಾಪ್ಸಿ ಅಂದ್ರ ಎದಿ ಕೊಯ್ತಾರ ಅಂತ ನಮ್ಮವ್ವ ಅತ್ತಿದ್ದಳು. ಹಂಗೇನಿಲ್ಲ. ಇಬಸ್ ಅಂತ ಐತಿ, ಬಾಯಿಂದ ಸಣ್ಣ ಪೈಪು ಇಳಿಸಿ, ಪೈಪಿನ ತುದಿಗಿರೋ ಅಲ್ಟ್ರಾಸೌಂಡ್ನಾಗ ಗಂಟು ನೋಡ್ಕೋತ ಸೂಜಿಯಿಂದ ಮಾದರಿ ತಗೀತಾರ. ಹಿಂದಿನ ರಾತ್ರಿಯಿಂದ ಉಪವಾಸ, ನಿದ್ದಿ ಬರೋ ಇಂಜೆಕ್ಷನ್, ಅರ್ಧ ಮುಕ್ಕಾಲು ತಾಸು, ಸಂಜಿಗೆ ಮನಿಗೆ. ಎರಡು ದಿನ ಗಂಟಲು ಕೆರದಂಗ ಆಗ್ತೈತಿ, ಕಫದಾಗ ಒಂದೆರಡು ಎಳಿ ರಕ್ತ ಬರಬಹುದು. ಕುತ್ತಿಗ್ಯಾಗೋ ಚರ್ಮದ ಮ್ಯಾಲೋ ಗಂಟು ಇದ್ರ ಇನ್ನೂ ಸಸಾರ, ಅಲ್ಲಿಂದಲೇ ತುಣುಕು ತಗೀತಾರ.

ಇಲ್ಲಿ ಒಂದು ವಿಷಯ ಗಟ್ಟಿ ನೆನಪಿಡ್ರಿ. ತಗದ ಮಾದರಿನ ಎರಡು ಪಾಲು ಮಾಡ್ಬೇಕು, ಒಂದು ಫಾರ್ಮಲಿನ್ ಬಾಟ್ಲಿಗೆ ಹೋಗಿ ಪೆಥಾಲಜಿಗೆ, ಇನ್ನೊಂದು ಸಲೈನ್ ಬಾಟ್ಲಿಗೆ ಹೋಗಿ ಟಿಬಿ ಸಿಬಿನ್ಯಾಟ್ ಮತ್ತ ಹುಳ ಬೆಳೆಸಿ ನೋಡೋ ಕಲ್ಚರ್‌ಗೆ. ಎಲ್ಲಾ ಫಾರ್ಮಲಿನ್‌ಗೆ ಹಾಕಿಬಿಟ್ರ ಹುಳ ಇದ್ರೂ ಸತ್ತು ಹೋಗ್ತಾವ, ಕಲ್ಚರ್ ಮಾಡಾಕ ಬರಂಗಿಲ್ಲ, ಮತ್ತೊಮ್ಮೆ ಪೈಪು ಇಳಿಸ್ಬೇಕಾಗ್ತೈತಿ. ಟಿಬಿಗೂ ಕಳ್ಸೀರೇನ್ರಿ ಅಂತ ಸಿಸ್ಟರ್‌ಗೆ ಒಂದು ಮಾತು ಕೇಳಿದ್ರ ಮುಗೀತು. ರಿಪೋರ್ಟ್ನಾಗ ನಾನ್ ನೆಕ್ರೋಟೈಸಿಂಗ್ ಗ್ರಾನುಲೋಮಾ, ಅಂದ್ರ ನಡುವ ಸತ್ತಿರದ ಗಂಟು, ಅಂತ ಬರದಿದ್ರ ಅದು ಸಾರ್ಕಾಯ್ಡ್ ಕಡಿ ವಾಲ್ತೈತಿ, ಕಲ್ಚರ್ ನೆಗೆಟಿವ್ ಅಂತ ಖಾತ್ರಿ ಆಗಾಕ 6 ವಾರ ಬೇಕು. ರಕ್ತದಾಗ ಎಸಿಇ ಅಂತ ಒಂದು ಟೆಸ್ಟ್ ಬರೀತಾರ, ಅದು ಬ್ಯಾರೆ ರೋಗದಾಗೂ ಏರ್ತೈತಿ, ಸಾರ್ಕಾಯ್ಡ್ ಇದ್ದವ್ರಿಗೂ ನಾರ್ಮಲ್ ಬರ್ತೈತಿ, ಅದೊಂದನ್ನ ನಂಬ್ಕೊಂಡು ಹೆದರೋದೂ ಬ್ಯಾಡ ಸಮಾಧಾನ ಪಡೋದೂ ಬ್ಯಾಡ.

ರೋಗ ಖಾತ್ರಿ ಆದ ಮ್ಯಾಲ ಎಲ್ಲೆಲ್ಲಿ ಹಬ್ಬೈತಿ ಅಂತ ನೋಡಾಕ ಎದಿ ಸಿಟಿ ಸ್ಕ್ಯಾನ್, ಊದಿಸಿ ನೋಡೋ ಪಿಎಫ್‌ಟಿ, ಇಸಿಜಿ, ಕ್ಯಾಲ್ಸಿಯಂ, ಕಿಡ್ನಿ ಲಿವರ್ ಟೆಸ್ಟ್, ಮತ್ತ ಕಣ್ಣಿನ ತಪಾಸಣೆ. ಕಣ್ಣಿಗೆ ಏನೂ ತ್ರಾಸ ಇಲ್ಲಂದ್ರೂ ಒಮ್ಮೆ ಮಾಡಿಸ್ರಿ, ಒಳಗ ಸುಮ್ಮನ ಹಾಳು ಮಾಡಿರ್ತೈತಿ.

ಟ್ರೀಟ್ಮೆಂಟ್ ಅಂದ ಕೂಡ್ಲೇ ಗುಳಿಗಿ ಅಂತ ತಿಳ್ಕೋಬ್ಯಾಡ್ರಿ. ಅರ್ಧಕ್ಕಿಂತ ಜಾಸ್ತಿ ಮಂದಿಗೆ ಎರಡು ಮೂರು ವರ್ಷದಾಗ ರೋಗ ತಾನೇ ಶಾಂತ ಆಗ್ತೈತಿ, ಬರೇ ಗಂಟು ಅದಾವ, ಉಸಿರಾಟ ಚಲೋ ಐತಿ ಅಂದ್ರ ಡಾಕ್ಟ್ರು ಏನೂ ಕೊಡದೇ ಮೂರು ಆರು ತಿಂಗಳಿಗೊಮ್ಮೆ ಬರ್ರಿ ಅಂತಾರ. ನಮ್ಮ ಮಂದಿಗೆ ಔಷಧ ಬರಕೊಡದ ಡಾಕ್ಟ್ರ ಮ್ಯಾಲ ನಂಬಿಗಿ ಇರಂಗಿಲ್ಲ, ಆದ್ರ ಇಲ್ಲಿ ಸುಮ್ಮನ ಕಾಯೋದೂ ಟ್ರೀಟ್ಮೆಂಟೇ. ಶ್ವಾಸಕೋಶದ ಶಕ್ತಿ ಇಳೀತಿದ್ರ, ಹಾರ್ಟಿಗೆ ನರಕ್ಕೆ ಬಂದ್ರ, ಕ್ಯಾಲ್ಸಿಯಂ ಏರಿದ್ರ, ಕಣ್ಣಿಗೆ ಬಂದು ಬರೇ ಡ್ರಾಪ್ಸಿಗೆ ಬಗ್ಗದಿದ್ರ ಆವಾಗ ಗುಳಿಗಿ.

ಮೊದಲಿನ ಗುಳಿಗಿ ಸಾಮಾನ್ಯವಾಗಿ ಪ್ರೆಡ್ನಿಸೊಲೋನ್, ವೈಸೊಲೋನ್ ಅಂತ ಮೆಡಿಕಲ್ ಶಾಪ್ನಾಗ ಸಿಗ್ತೈತಲ್ಲ ಅದೇ ಸ್ಟೆರಾಯ್ಡ್. ದಿನಕ್ಕ 20 ರಿಂದ 40 ಮಿಲಿಗ್ರಾಂ ಇಂದ ಶುರು ಮಾಡಿ, ಕೆಲವು ವಾರ ಬಿಟ್ಟು ನಿಧಾನಕ್ಕ ಇಳಿಸ್ಕೋತ ಬರ್ತಾರ, ಒಟ್ಟು 6 ರಿಂದ 12 ತಿಂಗಳು ಹಿಡೀತೈತಿ. ಡೋಸ್ ಡಾಕ್ಟ್ರೇ ಹೇಳ್ಬೇಕು. ಟಿಬಿ ಐತೋ ಇಲ್ಲೋ ನೋಡದೇ ಇದನ್ನ ನುಂಗಿದ್ರ ಒಳಗಿರೋ ಟಿಬಿ ಹೊತ್ಕೊಂಡು ಉರೀತೈತಿ, ಲಿಂಫೋಮಾ ಅನ್ನೋ ಕ್ಯಾನ್ಸರ್ ಇದ್ರ ಸ್ವಲ್ಪ ದಿನದ ಮಟ್ಟಿಗೆ ಕರಗಿ ಮುಚ್ಚಿ ಹೋಗ್ತೈತಿ, ಅದಕ್ಕ ತುಣುಕು ಮೊದಲು ಸ್ಟೆರಾಯ್ಡ್ ಆಮ್ಯಾಲ.

ಬೆಳಿಗ್ಗೆ ನಾಷ್ಟಾ ಮಾಡಿದ ಮ್ಯಾಲ ಒಂದ ಸಲ ನುಂಗ್ರಿ, ರಾತ್ರಿ ನುಂಗಿದ್ರ ನಿದ್ದಿ ಬರಂಗಿಲ್ಲ. ಹಸಿವು ವಿಪರೀತ ಆಗ್ತೈತಿ, ಅಕ್ಕ ಒಗ್ಗರಣಿ ಮಿರ್ಚಿ ಎರಡು ಪ್ಲೇಟ್ ತಿಂದ್ರೂ ಇನ್ನೂ ಬೇಕು ಅಂತಿದ್ದಳು, ಮೂರನೇ ವಾರಕ್ಕ ಮುಖ ಗುಂಡಗ ಆತು, ಕನ್ನಡಿ ನೋಡೋದು ಬಿಟ್ಟಳು. ಡೋಸ್ ಇಳಿದಂಗ ಮುಖನೂ ಇಳೀತೈತಿ, ಅದನ್ನ ಮನಿಯವ್ರು ದಿನಾ ಹೇಳ್ಬೇಕು. ಉಪ್ಪು, ಸಕ್ರಿ, ಉಪ್ಪಿನಕಾಯಿ, ಹಪ್ಪಳ ಕಡಿಮಿ ಮಾಡಿ, ಜೋಳದ ರೊಟ್ಟಿ, ಮಡಕಿಕಾಳು, ಪುಂಡಿಪಲ್ಯ ಹೊಟ್ಟಿ ತುಂಬ ಉಣ್ರಿ. ಶುಗರ್ ಚೆಕ್ ಮಾಡೋವಾಗ ಬರೇ ಬೆಳಿಗ್ಗೆ ಖಾಲಿ ಹೊಟ್ಟಿದು ನೋಡಿ ಚಲೋ ಐತಿ ಅನ್ನಬ್ಯಾಡ್ರಿ, ಬೆಳಿಗ್ಗೆ ನುಂಗಿದ ಸ್ಟೆರಾಯ್ಡ್ ಶುಗರ್ ಏರ್ಸೋದು ಮಧ್ಯಾಹ್ನದ ಮ್ಯಾಲ, ಊಟ ಆಗಿ ಎರಡು ತಾಸಿಗೆ ನೋಡ್ರಿ. ಬಿಪಿ, ಎಲುಬು, ಕಣ್ಣಿನ ಪೊರಿ ಇವೂ ನಡುನಡುವ ನೋಡಿಸ್ಬೇಕು.

ಒಮ್ಮಿಗೇ ನಿಲ್ಲಿಸೋದು ಮಾತ್ರ ಬಿಲ್ಕುಲ್ ಬ್ಯಾಡ. ಸಿಂಧನೂರಿಗೆ ಮದುವಿಗೆ ಹೋದಾಗ ಅಕ್ಕ ಗುಳಿಗಿ ಡಬ್ಬಿ ಮನ್ಯಾಗ ಮರತು ಬಂದಳು, ಮೂರು ದಿನ ತಾನ ಬಿಡು ಅಂತ ನಾವೂ ಸುಮ್ಮನಾದ್ವಿ. ಮೂರನೇ ದಿನ ವಾಂತಿ, ಬಿಪಿ ಬಿದ್ದು ಎದ್ದು ನಿಲ್ಲಾಕ ಆಗ್ಲಿಲ್ಲ, ಮದುವಿ ಮನಿಯಿಂದ ನೆಟ್ಟಗ ದವಾಖಾನಿಗೆ. ಹೊರಗಿಂದ ಸ್ಟೆರಾಯ್ಡ್ ಸಿಗ್ತಿರೋವಾಗ ಕಿಡ್ನಿ ಮ್ಯಾಲಿರೋ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಿರ್ತೈತಿ, ಹಠಾತ್ತಾಗಿ ಬಿಟ್ರ ಮೈಗೆ ಬೇಕಾದದ್ದು ಎಲ್ಲಿಂದಲೂ ಸಿಗಂಗಿಲ್ಲ. ಅವತ್ತಿಂದ ಒಂದು ಪಟ್ಟಿ ಗುಳಿಗಿ ಅಕ್ಕನ ಪರ್ಸ್ನಾಗ ಒಂದು ನನ್ನ ಜೇಬಿನಾಗ. ಬ್ಯಾರೆ ಯಾವ ಡಾಕ್ಟ್ರ ಹತ್ರ ಹೋದ್ರೂ, ಹಲ್ಲು ಕೀಳ್ಸಾಕ ಹೋದ್ರೂ ಸ್ಟೆರಾಯ್ಡ್ ತಗೋತೀನಿ ಅಂತ ಮೊದಲು ಹೇಳ್ಬೇಕು.

ಸ್ಟೆರಾಯ್ಡ್ ಇಳಿಸಿದ ಕೂಡ್ಲೇ ರೋಗ ತಿರುಗಿ ಬರ್ತಿದ್ರ, ಇಲ್ಲಾ ಶುಗರ್ ಜಾಸ್ತಿ ಇದ್ದವ್ರಿಗೆ, ಮೆಥೊಟ್ರೆಕ್ಸೇಟ್ ಕೊಡ್ತಾರ. ಇದು ವಾರಕ್ಕ ಒಂದ ದಿನ ಮಾತ್ರ. ದಿನಾ ನುಂಗಿದ್ರ ಜೀವಕ್ಕ ಅಪಾಯ, ರಕ್ತಕಣ ಬಿದ್ದು ಹೋಗ್ತಾವ. ನಾವು ಗುರುವಾರ ಅಂತ ಇಟ್ಕೊಂಡೀವಿ, ಕ್ಯಾಲೆಂಡರ್‌ನಾಗ ಗುರುವಾರಕ್ಕೆಲ್ಲ ಕೆಂಪು ಪೆನ್ನಿನಿಂದ ಗೆರಿ, ಡಾಕ್ಟ್ರು ಹೇಳಿದ ಇನ್ನೊಂದು ದಿನ ಫೋಲಿಕ್ ಆಸಿಡ್. ಲಿವರ್ ಮತ್ತ ರಕ್ತದ ಟೆಸ್ಟ್ ತಪ್ಪಿಸಾಂಗಿಲ್ಲ, ಕುಡಿಯೋ ಚಟ ಇದ್ರ ಬಿಡ್ಬೇಕು, ಬಸಿರಾಗೋ ವಿಚಾರ ಇದ್ರ ಮೊದಲೇ ಡಾಕ್ಟ್ರಿಗೆ ಹೇಳ್ಬೇಕು ಯಾಕಂದ್ರ ಕೂಸಿಗೆ ಅಪಾಯ. ಅಜಥಯೋಪ್ರಿನ್, ಚರ್ಮಕ್ಕ ಹೈಡ್ರಾಕ್ಸಿಕ್ಲೋರೋಕ್ವಿನ್, ಯಾವುದಕ್ಕೂ ಬಗ್ಗದಿದ್ರ ಇನ್‌ಫ್ಲಿಕ್ಸಿಮ್ಯಾಬ್ ಇಂಜೆಕ್ಷನ್, ಹಿಂಗ ಮುಂದಿನ ಮೆಟ್ಲ ಅದಾವ.

ಕ್ಯಾಲ್ಸಿಯಂ ವಿಷಯ ಬ್ಯಾರೇನೇ ಬರೀಬೇಕು. ಸ್ಟೆರಾಯ್ಡ್ ತಗೊಳೋ ಎಲ್ಲಾರಿಗೂ ಎಲುಬಿಗೆ ಅಂತ ಕ್ಯಾಲ್ಸಿಯಂ ಗುಳಿಗಿ, ವಾರಕ್ಕೊಂದು 60,000 ಯೂನಿಟ್‌ನ ವಿಟಮಿನ್ ಡಿ ಪುಡಿ ಬರಕೊಡೋದು ರೂಢಿ. ಸಾರ್ಕಾಯ್ಡ್‌ನಾಗ ಇದು ಉಲ್ಟಾ ಹೊಡಿಬಹುದು. ಆ ಗ್ರಾನುಲೋಮಾ ಗಂಟುಗಳು ತಾವೇ ವಿಟಮಿನ್ ಡಿನ ಅದ್ರ ಜೋರಿನ ರೂಪಕ್ಕ ತಿರುಗಿಸ್ತಾವ, ಅದಕ್ಕ ಕಡಿವಾಣ ಇರಂಗಿಲ್ಲ, ರಕ್ತದಾಗ ಕ್ಯಾಲ್ಸಿಯಂ ಏರಿ ಕಿಡ್ನಿಯಾಗ ಹರಳು ಆಗ್ತಾವ, ಕಿಡ್ನಿನೇ ಕೆಡಬಹುದು. ರಾಯಚೂರಿನ ಬಿಸಲು ಬ್ಯಾರೆ, ಚರ್ಮ ಬಿಸಲಿನಿಂದಲೂ ವಿಟಮಿನ್ ಡಿ ಮಾಡ್ತೈತಿ. ಹಂಗಾಗಿ ರಕ್ತದಾಗ ಕ್ಯಾಲ್ಸಿಯಂ ಎಷ್ಟೈತಿ ಅಂತ ನೋಡದೇ ಆ ಪುಡಿ ಬಾಯಿಗೆ ಹಾಕ್ಬ್ಯಾಡ್ರಿ, ಸಾರ್ಕಾಯ್ಡ್ ಐತ್ರಿ ನನಗ, ಇದು ತಗೋಬಹುದಾ ಅಂತ ಕೇಳ್ರಿ. ನೀರು ಚೆನ್ನಾಗಿ ಕುಡೀರಿ, ಮಟಮಟ ಮಧ್ಯಾಹ್ನ ಹೊಲದ ಕೆಲಸ ಬ್ಯಾಡ, ತಲಿಗೆ ಟವೆಲ್ ಇರ್ಲಿ.

ಕೆಲವು ಲಕ್ಷಣಕ್ಕ ನಾಳೆ ನೋಡೋಣ ಅನ್ನಾಂಗಿಲ್ಲ. ಎದಿ ಡವಡವ ಹೊಡ್ಕೊಂಡು ಕಣ್ಣು ಕತ್ತಲಿ ಬಂದು ಬಿದ್ರ ಹಾರ್ಟಿಗೆ ಬಂದಿರಬಹುದು, ಅವತ್ತೇ ಇಸಿಜಿ. ಕಣ್ಣು ಕೆಂಪಾಗಿ ಬ್ಯಾನಿ ಆಗಿ ಮಂಜಾದ್ರ, ಬಾಯಿ ಒಂದ ಕಡಿ ಸೊಟ್ಟ ಆದ್ರ, ವಿಪರೀತ ನೀರಡಿಕಿ ಆಗಿ ಪದೇ ಪದೇ ಮೂತ್ರ ಹೋಗಿ ಸಂಬಂಧ ಇಲ್ಲದ್ದು ಮಾತಾಡಾಕ ಹತ್ತಿದ್ರ, ಕುಂತಲ್ಲೇ ದಮ್ಮು ಬಂದ್ರ, ಕೆಮ್ಮಿನಾಗ ರಕ್ತ ಜಾಸ್ತಿ ಬಿದ್ರ, ಸ್ಟೆರಾಯ್ಡ್ ಇಲ್ಲಾ ಮೆಥೊಟ್ರೆಕ್ಸೇಟ್ ಗುಳಿಗಿ ಮ್ಯಾಲ ಇದ್ದಾಗ ಜ್ವರ ಬಂದ್ರ, ಮನ್ಯಾಗ ಯಾರಿಗಾರ ಚಿಕನ್ ಪಾಕ್ಸ್ (ಅಮ್ಮ) ಎದ್ರ, ಕೂಡ್ಲೇ ಹೋಗ್ರಿ, ರಾತ್ರಿ ಆದ್ರೂ.

ಗುಳಿಗಿ ನಿಂತ ಮ್ಯಾಲ ಮುಗೀತು ಅಂತ ಕೈ ಬಿಡಬ್ಯಾಡ್ರಿ, ತಿರುಗಿ ಬರೋದಿದ್ರ ಹೆಚ್ಚಾಗಿ ಮೊದಲಿನ ವರ್ಷದಾಗೇ ಬರ್ತೈತಿ, ಅದಕ್ಕ ಮೂರು ತಿಂಗಳಿಗೊಮ್ಮೆ ಉಸಿರಾಟದ ಟೆಸ್ಟ್, ಬೇಕಾದ್ರ ಎಕ್ಸ್‌ರೇ. ಪ್ರತಿ ಸಲ ಬಂದ ಪಿಎಫ್‌ಟಿ ನಂಬರ್ ನಾನು ಫೈಲಿನ ಮೊದಲ ಹಾಳಿ ಮ್ಯಾಲ ತಾರೀಕು ಹಾಕಿ ಕೆಳಗ ಕೆಳಗ ಬರ್ಕೋತ ಬಂದೀನಿ, ಡಾಕ್ಟ್ರು ಎಲ್ಲಕ್ಕಿಂತ ಮೊದಲು ನೋಡೋದು ಅದನ್ನ. ಅಕ್ಕ ಸ್ಟೆರಾಯ್ಡ್ ಬಿಟ್ಟು ಐದು ತಿಂಗಳಾತು, ಗುರುವಾರದ ಗುಳಿಗಿ ಇನ್ನೂ ನಡದೈತಿ, ಈಗ ಪೂರ್ತಿ ಬುಟ್ಟಿ ರೊಟ್ಟಿ ಬಡದು ಏಳ್ತಾಳ. ಮುಂದಿನ ತಪಾಸಣೆ ಈ ಸಲದ ಜಾತ್ರಿ ತೇರು ಎಳದ ಮರುವಾರ ಐತಿ.